ತೆರಿಗೆ ಜಗಳ ಕ್ರಾಂತಿಯಾದದ್ದು ಹೇಗೆ: ಅಮೆರಿಕದ ಕಥೆಯನ್ನು ಹೀಗೆ ಓದಿ

ಅಮೆರಿಕದ ಕ್ರಾಂತಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಾಸ್ಟನ್ ಟೀ ಪಾರ್ಟಿ. ಬ್ರಿಟಿಷರು ಚಹಾದ ಮೇಲೆ ತೆರಿಗೆ ಹಾಕಿದರು, ಜನ ಸಿಟ್ಟಾಗಿ ಚಹಾವನ್ನು ಸಮುದ್ರಕ್ಕೆ ಸುರಿದರು, ಆಮೇಲೆ ಯುದ್ಧ, ಆಮೇಲೆ ಸ್ವಾತಂತ್ರ್ಯ. ಶಾಲೆಯಲ್ಲಿ ಓದಿದ್ದು ಇಷ್ಟೇ ಅಲ್ವಾ? ಎರಡು ಅಂಕದ ಪ್ರಶ್ನೆಗೆ ಇದು ಸಾಕು. ಆದರೆ ಸ್ವಲ್ಪ ಕೆದಕಿದರೆ ಈ ಕಥೆ ನಿಲ್ಲುವುದಿಲ್ಲ. ಆ ಚಹಾ ಕಾಯ್ದೆಯಿಂದ ಚಹಾದ ಬೆಲೆ ಇಳಿಯುತ್ತಿತ್ತು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿದ್ದವರು ಕಟ್ಟುತ್ತಿದ್ದ ತೆರಿಗೆ ಅಮೆರಿಕದ ವಸಾಹತಿನವರ ತೆರಿಗೆಗಿಂತ ಹಲವು ಪಟ್ಟು ಜಾಸ್ತಿ. ಅಂದರೆ ಕಡಿಮೆ ತೆರಿಗೆ ಕಟ್ಟುತ್ತಿದ್ದವರೇ, ಬೆಲೆ ಇಳಿಸುವ ಕಾಯ್ದೆಯ ವಿರುದ್ಧವೇ ಎದ್ದು ನಿಂತು, ಕೊನೆಗೆ ಜಗತ್ತಿನ ಅತಿ ದೊಡ್ಡ ನೌಕಾಪಡೆ ಇದ್ದ ದೇಶದ ಜೊತೆ ಯುದ್ಧಕ್ಕೇ ಇಳಿದರು.

ಯಾಕೆ ಅಂತ ಅರ್ಥ ಮಾಡಿಕೊಳ್ಳಬೇಕಾದರೆ ಇಸವಿಗಳ ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಓದುವ ಕ್ರಮವನ್ನೇ ಬದಲಿಸಬೇಕು. ಪರೀಕ್ಷೆಗೆ ಓದುವವರಿಗೂ, ಪಾಠ ಹೇಳುವವರಿಗೂ, ಸುಮ್ನೆ ಕುತೂಹಲಕ್ಕೆ ಓದುವವರಿಗೂ ಈ ಕ್ರಮ ಒಂದೇ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಎಡಗಡೆ ಕಾಯ್ದೆಯ ಹೆಸರು, ಇಸವಿ ಬರೆಯಿರಿ. ಪಕ್ಕದಲ್ಲಿ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಅಂಕಣ. ತೆರಿಗೆ ಎಷ್ಟು? ಹಾಕಿದ್ದು ಯಾರು? ಕಟ್ಟದೆ ಸಿಕ್ಕಿಬಿದ್ದರೆ ವಿಚಾರಣೆ ಎಲ್ಲಿ, ಯಾರ ಮುಂದೆ? ಬಂದ ಹಣ ಯಾರ ಕೈಗೆ?

ಹೆಚ್ಚಿನವರು ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತಾರೆ. ನಿಜವಾದ ಜಗಳ ಇದ್ದದ್ದು ಉಳಿದ ಮೂರರಲ್ಲಿ.

ಹಾಳೆಯ ಹಿಂಬದಿಯನ್ನು ಖಾಲಿ ಬಿಡಿ. ಪ್ರತಿ ಕಾಯ್ದೆ ಬಂದಾಗಲೂ ವಸಾಹತಿನ ಜನ ಹೊಸದಾಗಿ ಏನು ಕಟ್ಟಿಕೊಂಡರು ಅಂತ ಅಲ್ಲಿ ಬರೆಯುತ್ತಾ ಹೋಗಿ. ಗುಂಪು, ಸಮಿತಿ, ಒಪ್ಪಂದ, ಏನೇ ಇರಲಿ. ಸಿಟ್ಟು ಎಲ್ಲ ಕಾಲದಲ್ಲೂ ಇರುತ್ತದೆ. ಸಿಟ್ಟಿಗೆ ಒಂದು ಸಂಘಟನೆ ಸಿಕ್ಕಿದ್ದು ಯಾವಾಗ ಅನ್ನುವುದು ಈ ಹಿಂಬದಿಯಲ್ಲೇ ಗೊತ್ತಾಗುವುದು.

ಚಹಾದಿಂದ ಶುರು ಮಾಡಬೇಡಿ, ಸಾಲದಿಂದ ಶುರು ಮಾಡಿ

ಕಥೆ ಆರಂಭವಾಗುವುದು 1763ರಲ್ಲಿ. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧವನ್ನು ಬ್ರಿಟನ್ ಗೆದ್ದಿತ್ತು. ಕೆನಡಾ ಕೈಗೆ ಬಂದಿತ್ತು. ಜೊತೆಗೆ ಸಾಲವೂ ಬಂದಿತ್ತು. ಯುದ್ಧಕ್ಕೆ ಮುಂಚೆ ಸುಮಾರು 7.5 ಕೋಟಿ ಪೌಂಡ್ ಇದ್ದ ಸರ್ಕಾರದ ಸಾಲ 13 ಕೋಟಿಯ ಹತ್ತಿರ ಹೋಗಿತ್ತು. ಇದರ ಮೇಲೆ ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡಬೇಕು ಅಂತ ಲಂಡನ್ ತೀರ್ಮಾನಿಸಿತು. ಅದರ ಖರ್ಚೇ ವರ್ಷಕ್ಕೆ 2 ಲಕ್ಷ ಪೌಂಡಿಗೂ ಮೇಲೆ. ನಿಮ್ಮನ್ನು ಕಾಯುವ ಸೈನ್ಯದ ಖರ್ಚಿನಲ್ಲಿ ಒಂದು ಪಾಲನ್ನಾದರೂ ನೀವು ಕೊಡಿ ಅಂತ ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಕೇಳಿದ. ಅವನ ಜಾಗದಲ್ಲಿ ನಿಂತು ನೋಡಿದರೆ ಅನ್ಯಾಯ ಅಂತ ಅನಿಸುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಿ, ಇಲ್ಲದಿದ್ದರೆ ಇಡೀ ಕಥೆ ಖಳನಾಯಕರ ಸಿನಿಮಾ ಆಗಿಬಿಡುತ್ತದೆ.

ವಸಾಹತಿನವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಫ್ರೆಂಚರೇ ಹೋದ ಮೇಲೆ ಸೈನ್ಯ ಯಾಕೆ? ಯುದ್ಧದಲ್ಲಿ ನಮ್ಮವರೂ ಸತ್ತಿದ್ದಾರೆ, ನಾವೇ ಆರಿಸಿದ ನಮ್ಮ ಸಭೆಗಳೂ ಖರ್ಚು ಮಾಡಿವೆ. ಸಾಲದ್ದಕ್ಕೆ 1763ರ ಅಕ್ಟೋಬರಿನಲ್ಲಿ ರಾಜನ ಘೋಷಣೆ ಬಂತು, ಅಪಲಾಚಿಯನ್ ಬೆಟ್ಟಸಾಲಿನ ಆಚೆ ಯಾರೂ ಹೋಗಿ ನೆಲೆಸಬಾರದು ಅಂತ. ಯುದ್ಧ ಗೆದ್ದದ್ದೇ ಆ ಜಮೀನಿಗಾಗಿ ಅಂದುಕೊಂಡಿದ್ದವರಿಗೆ ಇದು ಹೇಗೆ ಕೇಳಿಸಿರಬೇಡ!

ಕಾಕಂಬಿ: ಸುಂಕ ಇಳಿಸಿದರೂ ಗಲಾಟೆ ಯಾಕಾಯಿತು

ಹಾಳೆಯಲ್ಲಿ ಮೊದಲು ತುಂಬಬೇಕಾದ್ದು 1764ರ ಸಕ್ಕರೆ ಕಾಯ್ದೆ. ನ್ಯೂ ಇಂಗ್ಲೆಂಡ್ ಅಂದರೆ ಅಮೆರಿಕದ ಈಶಾನ್ಯದ ವಸಾಹತುಗಳು. ಅಲ್ಲಿಯ ಭಟ್ಟಿಗಳಲ್ಲಿ ಕಾಕಂಬಿಯಿಂದ ರಮ್ ತಯಾರಾಗುತ್ತಿತ್ತು. ಫ್ರೆಂಚ್ ದ್ವೀಪಗಳ ಕಾಕಂಬಿ ಅಗ್ಗ. 1733ರಿಂದಲೇ ಅದರ ಮೇಲೆ ಗ್ಯಾಲನ್‌ಗೆ 6 ಪೆನ್ಸ್ ಸುಂಕ ಇತ್ತು, ಆದರೆ ಯಾರೂ ಕಟ್ಟುತ್ತಿರಲಿಲ್ಲ. ಸುಂಕದ ಅಧಿಕಾರಿಗೆ ಒಂದಿಷ್ಟು ಕೊಟ್ಟರೆ ಮುಗಿಯಿತು. ಗ್ರೆನ್‌ವಿಲ್ ಸುಂಕವನ್ನು 3 ಪೆನ್ಸ್‌ಗೆ ಇಳಿಸಿದ. ಆದರೆ ಈ ಸಲ ನಿಜವಾಗಿಯೂ ವಸೂಲಿ ಮಾಡುತ್ತೇನೆ ಅಂದ.

ಮೊದಲ ಅಂಕಣದಲ್ಲಿ "ಅರ್ಧಕ್ಕೆ ಇಳಿಯಿತು" ಅಂತ ಬರೆಯಿರಿ. ಈಗ ಮೂರನೆಯದಕ್ಕೆ ಬನ್ನಿ. ಸಿಕ್ಕಿಬಿದ್ದವರ ಮೊಕದ್ದಮೆಯನ್ನು ದೂರದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದ ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದಿತ್ತು. ಅಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರುವ ಊರಿನ ಸಾಮಾನ್ಯ ಜನರ ಗುಂಪು, ಇಲ್ಲ; ಒಬ್ಬ ನ್ಯಾಯಾಧೀಶನೇ ತೀರ್ಮಾನ ಮಾಡುತ್ತಾನೆ. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊಣೆಯೂ ಹಡಗಿನವನದೇ. ಊರಿನ ಜ್ಯೂರಿ ಮುಂದೆ ನಿಂತಿದ್ದರೆ ಕಳ್ಳಸಾಗಣೆಯವನಿಗೆ ಶಿಕ್ಷೆಯೇ ಆಗುತ್ತಿರಲಿಲ್ಲ, ಆ ಜ್ಯೂರಿಯಲ್ಲಿ ಅವನ ಗಿರಾಕಿಗಳೇ ಕೂತಿರುತ್ತಿದ್ದರು. ಲಂಡನ್‌ಗೆ ಅದು ಗೊತ್ತಿತ್ತು, ಅದಕ್ಕೇ ಈ ಏರ್ಪಾಡು. ಇಂಗ್ಲಿಷ್ ಮನುಷ್ಯನ ಹುಟ್ಟುಹಕ್ಕನ್ನೇ ಕಿತ್ತುಕೊಂಡರು ಅನ್ನುವ ಮಾತು ಇಲ್ಲಿಂದಲೇ ಶುರುವಾಯಿತು.

ಅದೇ ವರ್ಷ ಕರೆನ್ಸಿ ಕಾಯ್ದೆಯೂ ಬಂತು. ವಸಾಹತುಗಳು ತಮ್ಮ ಕಾಗದದ ಹಣವನ್ನು ಕಾನೂನುಬದ್ಧ ಪಾವತಿಯಾಗಿ ಹೊರಡಿಸುವಂತಿಲ್ಲ. ಬೆಳ್ಳಿ ನಾಣ್ಯ ಮೊದಲೇ ಅಪರೂಪ. ತೆರಿಗೆ ಚಿಕ್ಕದಾದರೂ ಅದನ್ನು ಕಟ್ಟಲು ಬೇಕಾದ ದುಡ್ಡೇ ಕೈಯಲ್ಲಿಲ್ಲ.

ಛಾಪಾ ಕಾಗದದ ವರ್ಷ

ಇಲ್ಲಿ ನಿಧಾನವಾಗಿ ಓದಿ. ಇಡೀ ಕಥೆಯಲ್ಲಿ 1765ರಷ್ಟು ಮುಖ್ಯವಾದ ವರ್ಷ ಬಹುಶಃ ಇನ್ನೊಂದಿಲ್ಲ. ನನ್ನನ್ನು ಕೇಳಿದರೆ ಟೀ ಪಾರ್ಟಿಗಿಂತಲೂ ಇದೇ ದೊಡ್ಡದು.

ಸ್ಟ್ಯಾಂಪ್ ಕಾಯ್ದೆ ಪಾಸಾದದ್ದು ಮಾರ್ಚ್‌ನಲ್ಲಿ, ಜಾರಿಗೆ ಬರಬೇಕಾದದ್ದು ನವೆಂಬರ್ 1ಕ್ಕೆ. ಕೋರ್ಟಿನ ಕಾಗದ, ಜಮೀನಿನ ಪತ್ರ, ಲೈಸೆನ್ಸ್, ಪತ್ರಿಕೆ, ಕ್ಯಾಲೆಂಡರ್, ಎಲ್ಲವನ್ನೂ ಮುದ್ರೆ ಬಿದ್ದ ಕಾಗದದ ಮೇಲೆಯೇ ಮಾಡಬೇಕು. ಇಸ್ಪೀಟಿನ ಒಂದು ಕಟ್ಟಿಗೆ 1 ಶಿಲ್ಲಿಂಗ್, ಪತ್ರಿಕೆಯ ಒಂದು ಜಾಹೀರಾತಿಗೆ 2 ಶಿಲ್ಲಿಂಗ್, ಕಾಲೇಜಿನ ಪದವಿ ಪತ್ರಕ್ಕೆ 2 ಪೌಂಡ್. ಅದೂ ಬ್ರಿಟಿಷ್ ಸ್ಟರ್ಲಿಂಗ್‌ನಲ್ಲೇ ಕೊಡಬೇಕು. ಈ ತೆರಿಗೆ ಯಾರ ಮೇಲೆ ಬಿತ್ತು ನೋಡಿ. ವಕೀಲರು, ಪತ್ರಿಕೆ ಅಚ್ಚು ಹಾಕುವವರು, ವ್ಯಾಪಾರಿಗಳು, ಹೆಂಡದಂಗಡಿಯವರು. ಊರಿನಲ್ಲಿ ಜಾಸ್ತಿ ಮಾತಾಡುವವರು, ಜಾಸ್ತಿ ಬರೆಯುವವರು, ಜನ ಸೇರುವ ಜಾಗ ಇಟ್ಟುಕೊಂಡವರು ಯಾರೋ ಅವರೆಲ್ಲರನ್ನೂ ಒಂದೇ ಏಟಿಗೆ ಎದುರು ಹಾಕಿಕೊಂಡ ಸರ್ಕಾರ ಅದು.

ಎರಡನೇ ಅಂಕಣ ಇಲ್ಲಿ ಕೆಂಪಾಗುತ್ತದೆ. ಅಲ್ಲಿಯವರೆಗೆ ಪಾರ್ಲಿಮೆಂಟ್ ಹಾಕುತ್ತಿದ್ದದ್ದು ಬಂದರಿನ ಸುಂಕ, ವ್ಯಾಪಾರದ ನಿಯಂತ್ರಣ ಅನ್ನುವ ಹೆಸರಿನಲ್ಲಿ. ವಸಾಹತಿನ ಒಳಗಿನ ತೆರಿಗೆಯನ್ನು ಹಾಕುತ್ತಿದ್ದದ್ದು ಅಲ್ಲಿಯದೇ ಸಭೆಗಳು. ಹಣ ಎತ್ತುವುದಕ್ಕೆಂದೇ ಪಾರ್ಲಿಮೆಂಟ್ ನೇರವಾಗಿ ಒಳಗೆ ಕೈ ಹಾಕಿದ್ದು ಇದೇ ಮೊದಲು.

ಈಗ ಆ ಪ್ರಸಿದ್ಧ ಘೋಷಣೆಗೆ ಬರೋಣ: ಪ್ರಾತಿನಿಧ್ಯ ಇಲ್ಲದೆ ತೆರಿಗೆ ಇಲ್ಲ. ಇದನ್ನು ಓದಿದವರು, ಹಾಗಾದರೆ ಪಾರ್ಲಿಮೆಂಟಿನಲ್ಲಿ ನಾಲ್ಕು ಸೀಟು ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತಲ್ಲ ಅಂತಾರೆ. ಮುಗಿಯುತ್ತಿರಲಿಲ್ಲ. 1765ರ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಒಂದು ನಿರ್ಣಯ ಬರೆದರು. ನಾವು ಹೌಸ್ ಆಫ್ ಕಾಮನ್ಸ್‌ನಲ್ಲಿ ಪ್ರತಿನಿಧಿಸಲ್ಪಟ್ಟಿಲ್ಲ, ನಾವಿರುವ ಜಾಗದ ಕಾರಣದಿಂದ ಅದು ಸಾಧ್ಯವೂ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅವರಿಗೆ ಲಂಡನ್‌ನಲ್ಲಿ ಸೀಟು ಬೇಕಾಗಿರಲಿಲ್ಲ. ನಮ್ಮ ಮೇಲೆ ತೆರಿಗೆ ಹಾಕುವ ಹಕ್ಕು ನಮ್ಮ ಸಭೆಗೆ ಮಾತ್ರ ಅನ್ನುವುದು ಅವರ ವಾದ. ಘೋಷಣೆಯನ್ನು ಬಿಟ್ಟು ನಿರ್ಣಯವನ್ನು ಓದಿ ಅಂತ ನಾನು ಹೇಳುವುದು ಇದಕ್ಕೇ.

ಬ್ರಿಟನ್ನಿನ ಉತ್ತರವೂ ಸ್ವಾರಸ್ಯವಾಗಿದೆ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಿಗೂ ಆಗ ಸ್ವಂತ ಸದಸ್ಯರು ಇರಲಿಲ್ಲ. ಪಾರ್ಲಿಮೆಂಟಿನ ಪ್ರತಿಯೊಬ್ಬ ಸದಸ್ಯನೂ ಇಡೀ ಸಾಮ್ರಾಜ್ಯವನ್ನು ಪ್ರತಿನಿಧಿಸುತ್ತಾನೆ, ಅವರಿಗಿಲ್ಲದ ತಕರಾರು ನಿಮಗ್ಯಾಕೆ ಅಂದರು. ಬರ್ಮಿಂಗ್‌ಹ್ಯಾಮ್‌ನವನ ಮೇಲೆ ಹಾಕುವ ತೆರಿಗೆಯನ್ನು ಅದನ್ನು ಹಾಕುವ ಸದಸ್ಯನೂ ಕಟ್ಟಬೇಕು, ನಮ್ಮ ಮೇಲೆ ಹಾಕಿದ್ದರಲ್ಲಿ ನಿಮ್ಮ ಜೇಬಿಗೆ ಏನೂ ಆಗುವುದಿಲ್ಲ ಅಂತ ವಸಾಹತಿನವರು ತಿರುಗಿಸಿ ಕೊಟ್ಟರು. ಪಾಠ ಹೇಳುವವರಾದರೆ ಈ ಎರಡು ವಾದಗಳನ್ನು ಮಕ್ಕಳಿಗೆ ಕೊಟ್ಟು ಜಗಳ ಆಡಲು ಬಿಡಿ, ಒಂದು ಪೀರಿಯಡ್ ಆರಾಮವಾಗಿ ಹೋಗುತ್ತದೆ.

ಹಾಳೆಯ ಹಿಂಬದಿ ತುಂಬುವುದು ಇಲ್ಲಿಂದ. ಆಗಸ್ಟ್ 14ರಂದು ಬಾಸ್ಟನ್‌ನಲ್ಲಿ ಸ್ಟ್ಯಾಂಪ್ ಹಂಚಬೇಕಾಗಿದ್ದ ಆ್ಯಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಮರಕ್ಕೆ ನೇತು ಹಾಕಿದರು. ಅವನು ಈ ಕೆಲಸವೇ ಬೇಡ ಅಂದ. ಆಗಸ್ಟ್ 26ಕ್ಕೆ ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್‌ಸನ್ ಮನೆಗೆ ನುಗ್ಗಿ ಪುಡಿಪುಡಿ ಮಾಡಿದರು. ಬೇರೆ ವಸಾಹತುಗಳಲ್ಲೂ ಸ್ಟ್ಯಾಂಪ್ ಹಂಚುವವರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ನವೆಂಬರ್ 1 ಬಂದಾಗ ಹಂಚಲು ಜನವೇ ಇಲ್ಲ, ಮುಂದೆ ಕ್ರಾಂತಿಗೆ ಸೇರಿದ ಹದಿಮೂರು ವಸಾಹತುಗಳಲ್ಲಿ ಜಾರ್ಜಿಯಾದಲ್ಲಿ ಮಾತ್ರ ಸ್ವಲ್ಪ ಕಾಲ ಸ್ಟ್ಯಾಂಪ್ ಮಾರಾಟವಾಯಿತು. ನ್ಯೂಯಾರ್ಕಿನ ವ್ಯಾಪಾರಿಗಳು ಕಾಯ್ದೆ ಹೋಗುವವರೆಗೆ ಬ್ರಿಟಿಷ್ ಮಾಲು ತರಿಸುವುದಿಲ್ಲ ಅಂತ ಒಪ್ಪಂದ ಮಾಡಿಕೊಂಡರು. ಸನ್ಸ್ ಆಫ್ ಲಿಬರ್ಟಿ ಅನ್ನುವ ಗುಂಪುಗಳು ಊರೂರಲ್ಲಿ ಹುಟ್ಟಿ ಒಂದಕ್ಕೊಂದು ಪತ್ರ ಬರೆಯತೊಡಗಿದವು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದ ವಸಾಹತುಗಳಿಗೆ ಒಂದು ಸಮಾನ ಜಗಳ ಸಿಕ್ಕಿತು.

ಲಂಡನ್‌ನ ವ್ಯಾಪಾರಿಗಳೇ ಒತ್ತಡ ತಂದರು. 1766ರ ಮಾರ್ಚ್ 18ರಂದು ಸ್ಟ್ಯಾಂಪ್ ಕಾಯ್ದೆ ರದ್ದಾಯಿತು. ಅಮೆರಿಕದಲ್ಲಿ ಪಟಾಕಿ, ದೀಪ, ಹಬ್ಬ. ಆದರೆ ಅದೇ ದಿನ ಇನ್ನೊಂದು ಕಾಯ್ದೆಯೂ ಪಾಸಾಗಿತ್ತು. ವಸಾಹತುಗಳ ಮೇಲೆ ಯಾವುದೇ ವಿಷಯದಲ್ಲಾದರೂ ಸರಿ, ಕಾನೂನು ಮಾಡುವ ಪೂರ್ತಿ ಅಧಿಕಾರ ಪಾರ್ಲಿಮೆಂಟಿಗೆ ಇದೆ ಅಂತ ಹೇಳುವ ಡಿಕ್ಲರೇಟರಿ ಕಾಯ್ದೆ. ಹಣ ಬಿಟ್ಟರು, ಹಕ್ಕು ಬಿಡಲಿಲ್ಲ. ಹಬ್ಬದ ಗದ್ದಲದಲ್ಲಿ ಇದನ್ನು ಹೆಚ್ಚು ಜನ ತಲೆಗೆ ಹಾಕಿಕೊಳ್ಳಲಿಲ್ಲ. ಹಾಳೆಯಲ್ಲಿ ಮೊದಲ ಅಂಕಣಕ್ಕೆ ಸೊನ್ನೆ ಬರೆದು, ಎರಡನೆಯದರ ಕೆಳಗೆ ಗೆರೆ ಎಳೆಯಿರಿ.

ಟೌನ್ಸೆಂಡ್ ಬಂದಾಗ ಕೊನೆಯ ಅಂಕಣ ನೋಡಿ

1767ರಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಟೌನ್ಸೆಂಡ್ ಜಾಣತನ ಮಾಡಿದ. ಒಳಗಿನ ತೆರಿಗೆ ಬೇಡ ಅಂತೀರಾ, ಸರಿ, ಬಂದರಿನಲ್ಲೇ ಹಾಕುತ್ತೇನೆ ಅಂತ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಸುಂಕ ಹಾಕಿದ. ಚಹಾಕ್ಕೆ ಪೌಂಡ್ ತೂಕಕ್ಕೆ 3 ಪೆನ್ಸ್. ಒಟ್ಟು ನಿರೀಕ್ಷೆ ವರ್ಷಕ್ಕೆ 40,000 ಪೌಂಡ್, ಅಂದರೆ ಸೈನ್ಯದ ಖರ್ಚಿನ ಒಂದು ಮೂಲೆಗೂ ಸಾಲದು. ಹಾಗಿದ್ದರೆ ಈ ಹಣ ಯಾಕೆ?

ಅದರಿಂದ ಗವರ್ನರ್‌ಗಳಿಗೂ ನ್ಯಾಯಾಧೀಶರಿಗೂ ಸಂಬಳ ಕೊಡುವ ಉದ್ದೇಶ ಇತ್ತು. ಅಲ್ಲಿಯವರೆಗೆ ಹೆಚ್ಚಿನ ವಸಾಹತುಗಳಲ್ಲಿ ಗವರ್ನರ್‌ನ ಸಂಬಳವನ್ನು ಮಂಜೂರು ಮಾಡುತ್ತಿದ್ದದ್ದು ಅಲ್ಲಿಯ ಸಭೆ. ಗವರ್ನರ್ ಮಾತು ಕೇಳದಿದ್ದರೆ ಸಂಬಳ ತಡವಾಗುತ್ತಿತ್ತು, ಅಷ್ಟೇ. ಸಭೆಯ ಕೈಯಲ್ಲಿದ್ದ ಒಂದೇ ಲಗಾಮು ಅದು. ಈಗ ಜನರಿಂದಲೇ ಎತ್ತಿದ ಹಣದಲ್ಲಿ ಜನರ ಹಿಡಿತ ತಪ್ಪಿಸುವ ಯೋಜನೆ. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್‌ಸನ್ ಪತ್ರಿಕೆಗಳಲ್ಲಿ ಸರಣಿಯಾಗಿ ಬರೆದು, ಬಂದರಿನಲ್ಲಾದರೇನು ಮನೆಯೊಳಗಾದರೇನು, ಹಣ ಎತ್ತುವುದಕ್ಕೆಂದೇ ಹಾಕಿದ್ದು ತೆರಿಗೆಯೇ ಅಂತ ವಾದಿಸಿದ. ಟೌನ್ಸೆಂಡ್ ಮಾತ್ರ ತನ್ನ ಜಾಣತನದ ಫಲ ನೋಡಲಿಲ್ಲ, 1767ರ ಸೆಪ್ಟೆಂಬರಿನಲ್ಲೇ ತೀರಿಕೊಂಡ.

1768ರಿಂದ 1770ರವರೆಗಿನ ಘಟನೆಗಳನ್ನು ಬೇಗ ದಾಟಬಹುದು. ಮತ್ತೆ ಬಹಿಷ್ಕಾರ, ಹೆಂಗಸರು ಗುಂಪಾಗಿ ಕೂತು ನೂಲು ತೆಗೆಯುವುದು, ಜಾನ್ ಹ್ಯಾನ್‌ಕಾಕ್‌ನ ಲಿಬರ್ಟಿ ಹಡಗನ್ನು ಸುಂಕದವರು ಹಿಡಿದದ್ದು, ಅದರ ಗಲಾಟೆ, ಬಾಸ್ಟನ್‌ಗೆ ಸೈನ್ಯ. ಸುಮಾರು 16,000 ಜನರ ಊರಿನಲ್ಲಿ ಸೈನಿಕರು ಬೀದಿ ಬೀದಿ ಕಾವಲು ನಿಂತರೆ ಏನಾಗುತ್ತದೆ? 1770ರ ಮಾರ್ಚ್ 5ರ ರಾತ್ರಿ ಗುಂಡು ಹಾರಿತು, ಐವರು ಸತ್ತರು. ಆ ಸೈನಿಕರ ಪರ ವಾದಿಸಿದ್ದು ಜಾನ್ ಆ್ಯಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಎಂಟು ಸೈನಿಕರಲ್ಲಿ ಆರು ಮಂದಿ ಬಿಡುಗಡೆಯಾದರು. ಅದೇ ಮಾರ್ಚ್ 5ರಂದು ಲಂಡನ್‌ನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಟೌನ್ಸೆಂಡ್‌ನ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಇಟ್ಟ. ಎಲ್ಲವನ್ನೂ ತೆಗೆದು ಒಂದನ್ನು ಮಾತ್ರ ಉಳಿಸಿಕೊಂಡ, ಚಹಾದ 3 ಪೆನ್ಸ್. ಹಕ್ಕು ಇನ್ನೂ ನಮ್ಮದೇ ಅಂತ ತೋರಿಸಲು.

ಆಮೇಲೆ ಮೂರು ವರ್ಷ ಹೆಚ್ಚೂಕಡಿಮೆ ಶಾಂತಿ. ಪುಸ್ತಕಗಳು ಇದನ್ನು ಹಾರಿಸಿಬಿಡುತ್ತವೆ, ನೀವು ಹಾರಿಸಬೇಡಿ. 1772ರ ನವೆಂಬರಿನಲ್ಲಿ ಸ್ಯಾಮ್ಯುಯಲ್ ಆ್ಯಡಮ್ಸ್ ಬಾಸ್ಟನ್‌ನಲ್ಲಿ ಒಂದು ಪತ್ರವ್ಯವಹಾರ ಸಮಿತಿ ಕಟ್ಟಿದ. ಕಾರಣ ಹೊಸ ತೆರಿಗೆ ಅಲ್ಲ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ನ್ಯಾಯಾಧೀಶರ ಸಂಬಳವನ್ನು ಇನ್ನು ರಾಜನ ಖಜಾನೆ ಕೊಡುತ್ತದೆ ಅನ್ನುವ ಸುದ್ದಿ. ಊರೂರಿಗೆ ಇಂಥ ಸಮಿತಿಗಳಾದವು. ಮರುವರ್ಷ ವರ್ಜೀನಿಯಾದವರು ಇದನ್ನೇ ವಸಾಹತುಗಳ ನಡುವಿನ ಮಟ್ಟಕ್ಕೆ ಏರಿಸಿದರು. ಗಲಾಟೆ ಇಲ್ಲದ ಕಾಲದಲ್ಲಿ ಕಟ್ಟಿದ ಜಾಲ ಇದು, ಮುಂದೆ ಎಲ್ಲ ಕೆಲಸ ಮಾಡಿದ್ದೂ ಇದೇ.

ಅಗ್ಗದ ಚಹಾ ಯಾರಿಗೆ ಬೇಡವಾಗಿತ್ತು

ಈಗ ಟೀ ಪಾರ್ಟಿ. ಇಲ್ಲಿ ನಮಗೆ ತುಂಬಾ ಪರಿಚಯದ ಪಾತ್ರ ಬರುತ್ತದೆ, ಈಸ್ಟ್ ಇಂಡಿಯಾ ಕಂಪನಿ. 1770ರ ದಶಕದ ಆರಂಭದಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಹೈದರಾಲಿ 1769ರಲ್ಲಿ ಮದ್ರಾಸಿನ ಬಾಗಿಲಿಗೆ ಬಂದು ಒಪ್ಪಂದ ಮಾಡಿಸಿಕೊಂಡಿದ್ದ, ಆ ಯುದ್ಧದ ಸುದ್ದಿಗೆ ಲಂಡನ್‌ನಲ್ಲಿ ಕಂಪನಿಯ ಷೇರು ಕುಸಿದಿತ್ತು. 1770ರ ಬಂಗಾಳದ ಬರ, 1772ರ ಯುರೋಪಿನ ಸಾಲದ ಬಿಕ್ಕಟ್ಟು, ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ಪೌಂಡ್ ಕೊಡಬೇಕಾದ ಕರಾರು. ಗೋದಾಮಿನಲ್ಲಿ ಮಾತ್ರ ಮಾರಾಟವಾಗದ ಚೀನಾದ ಚಹಾ ರಾಶಿ ಬಿದ್ದಿತ್ತು. ಸಮುದ್ರಕ್ಕೆ ಬಿದ್ದದ್ದು ಭಾರತದ ಚಹಾ ಅಂತ ಕೆಲವರು ಬರೆಯುತ್ತಾರೆ, ತಪ್ಪು.

1773ರ ಚಹಾ ಕಾಯ್ದೆ ಹೊಸ ತೆರಿಗೆ ಹಾಕಲಿಲ್ಲ. ಬ್ರಿಟನ್ನಿನಲ್ಲಿ ಕಟ್ಟಿದ ಸುಂಕವನ್ನು ಕಂಪನಿಗೆ ವಾಪಸ್ ಕೊಟ್ಟು, ತಾನು ಆರಿಸಿದ ಏಜೆಂಟರ ಮೂಲಕ ನೇರವಾಗಿ ಅಮೆರಿಕದಲ್ಲಿ ಮಾರಲು ಬಿಟ್ಟಿತು. ಹಳೆಯ 3 ಪೆನ್ಸ್ ಹಾಗೇ ಉಳಿಯಿತು. ಚಹಾ ಅಗ್ಗವಾಗುತ್ತಿತ್ತು, ಡಚ್ಚರಿಂದ ಕದ್ದು ತರುತ್ತಿದ್ದ ಚಹಾಕ್ಕೂ ಪೈಪೋಟಿ ಕೊಡುವಷ್ಟು. ನಾಲ್ಕು ಅಂಕಣ ತುಂಬಿ ನೋಡಿ. ಜೇಬಿಗೆ ಲಾಭ. ಆದರೆ ಕೊಂಡರೆ ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿದ ಹಾಗೆ. ಹಣ ಅದೇ ಸಂಬಳಗಳಿಗೆ. ಇಲ್ಲಿಯ ವ್ಯಾಪಾರಿಯ ಕೈಬಿಟ್ಟು, ಕಂಪನಿ ಆರಿಸಿದ ನಾಲ್ಕು ಜನಕ್ಕೆ ಏಕಸ್ವಾಮ್ಯ. ಬಾಸ್ಟನ್‌ನಲ್ಲಿ ಆ ಏಜೆಂಟರ ಪೈಕಿ ಇಬ್ಬರು ಗವರ್ನರ್ ಹಚಿನ್‌ಸನ್‌ನ ಮಕ್ಕಳು. ಹೌದು, 1765ರಲ್ಲಿ ಮನೆ ಪುಡಿಯಾದ ಅದೇ ಹಚಿನ್‌ಸನ್, ಈಗ ಗವರ್ನರ್ ಆಗಿದ್ದ. ಸುಂಕದ ಹಣದಿಂದಲೇ ಅವನ ಸಂಬಳವೂ ಬರುತ್ತಿತ್ತು.

ಕಳ್ಳಸಾಗಣೆ ಮಾಡುತ್ತಿದ್ದವರಿಗೂ ಹೊಟ್ಟೆಗೆ ಹೊಡೆತ ಬೀಳುತ್ತಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೊಂದೇ ಕಾರಣ ಅಂದರೆ ಸಾಲದು. ಕಂಪನಿ ಬಂಗಾಳದಲ್ಲಿ ಏನು ಮಾಡಿದೆ ಅನ್ನುವ ಸುದ್ದಿ ಅಮೆರಿಕದ ಪತ್ರಿಕೆಗಳಿಗೆ ತಲುಪಿತ್ತು. ಏಷ್ಯಾದಲ್ಲಿ ಕಂಪನಿ ನಡೆದುಕೊಂಡ ರೀತಿ ನೋಡಿ, ಅದು ಈಗ ಇಲ್ಲಿಗೆ ಕಣ್ಣು ಹಾಕಿದೆ ಅಂತ ಡಿಕಿನ್‌ಸನ್ 1773ರಲ್ಲೇ ಎಚ್ಚರಿಸಿ ಬರೆದ. ನಡುವೆ ಒಂದು ಮಾತು: ಮುಂದೆ ಯುದ್ಧದ ಕಾಲದಲ್ಲಿ ಪೆನ್ಸಿಲ್ವೇನಿಯಾದವರು ಒಂದು ಹಡಗಿಗೆ ಹೈದರಾಲಿಯ ಹೆಸರನ್ನೇ ಇಟ್ಟರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ಜನರಲ್ ಮಂಕ್ ಅನ್ನುವ ಬ್ರಿಟಿಷ್ ಯುದ್ಧನೌಕೆಯನ್ನು ಸೆರೆ ಹಿಡಿಯಿತು. ಶತ್ರುವಿನ ಶತ್ರು ಅಂತ ಮೈಸೂರಿನವನ ಹೆಸರು ಅಷ್ಟು ದೂರ ಹೋಗಿತ್ತು.

ಡಾರ್ಟ್‌ಮೌತ್ ಹಡಗು ಬಾಸ್ಟನ್‌ಗೆ ಬಂದದ್ದು ನವೆಂಬರ್ 28ಕ್ಕೆ. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸುಂಕದವರು ಮಾಲು ಜಪ್ತಿ ಮಾಡಬಹುದು. ಜನ ಇಳಿಸಲು ಬಿಡರು, ಹಚಿನ್‌ಸನ್ ವಾಪಸ್ ಹೋಗಲು ಬಿಡ. ಗಡುವಿನ ಕೊನೆಯ ರಾತ್ರಿ, ಡಿಸೆಂಬರ್ 16ರಂದು, ಮೂರು ಹಡಗುಗಳಿಂದ 340ಕ್ಕೂ ಹೆಚ್ಚು ಪೆಟ್ಟಿಗೆ ಚಹಾ ನೀರಿಗೆ ಬಿತ್ತು. ಕಂಪನಿ ಹೇಳಿದ ನಷ್ಟ 9,659 ಪೌಂಡ್. ಫಿಲಡೆಲ್ಫಿಯಾದಲ್ಲಿ ಹಡಗು ವಾಪಸ್ ಹೋಯಿತು, ಅದಕ್ಕೇ ಅಲ್ಲಿ ಪಾರ್ಟಿ ಇಲ್ಲ. ಬಾಸ್ಟನ್‌ನಲ್ಲಿ ಆದದ್ದಕ್ಕೆ ಅರ್ಧ ಕಾರಣ ಹಚಿನ್‌ಸನ್‌ನ ಹಟ ಅಂತ ನನ್ನ ಅಭಿಪ್ರಾಯ.

ಕ್ರಾಂತಿ ನಡೆದದ್ದು 1774ರಲ್ಲಿ

ಇದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. 1776 ಘೋಷಣೆಯ ವರ್ಷ, 1775 ಗುಂಡಿನ ವರ್ಷ, ಅಧಿಕಾರ ಕೈ ಬದಲಾದದ್ದು 1774ರಲ್ಲಿ.

ಲಂಡನ್ ಕೊಟ್ಟ ಶಿಕ್ಷೆಯಲ್ಲಿ ಹೊಸ ತೆರಿಗೆ ಒಂದೂ ಇರಲಿಲ್ಲ. ಜೂನ್ 1ರಿಂದ ಬಾಸ್ಟನ್ ಬಂದರು ಬಂದ್, ಚಹಾದ ನಷ್ಟ ತುಂಬಿಕೊಡುವವರೆಗೆ. ಮ್ಯಾಸಚೂಸೆಟ್ಸ್‌ನ ಮೇಲ್ಸಭೆಗೆ ಇನ್ನು ರಾಜನೇ ಸದಸ್ಯರನ್ನು ನೇಮಿಸುತ್ತಾನೆ. ಊರ ಸಭೆಯನ್ನು ಗವರ್ನರ್ ಅನುಮತಿ ಇಲ್ಲದೆ ವರ್ಷಕ್ಕೊಮ್ಮೆಗಿಂತ ಜಾಸ್ತಿ ಸೇರಿಸುವಂತಿಲ್ಲ. ತಪ್ಪು ಮಾಡಿದ ಅಧಿಕಾರಿಯ ವಿಚಾರಣೆಯನ್ನು ಇಂಗ್ಲೆಂಡಿಗೂ ಒಯ್ಯಬಹುದು. ಮೊದಲ ಅಂಕಣ ಪೂರ್ತಿ ಖಾಲಿ, ಉಳಿದವು ತುಂಬಿ ತುಳುಕುತ್ತಿವೆ. ತೆರಿಗೆ ಜಗಳ ಯಾವಾಗ ಬೇರೆ ಜಗಳ ಆಯಿತು ಅಂತ ಯಾರಾದರೂ ಕೇಳಿದರೆ ಈ ಸಾಲನ್ನು ತೋರಿಸಿ.

ಚಹಾದ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಹಳ್ಳಿಯ ರೈತರು ಎದ್ದದ್ದು ಈಗ. ಊರ ಸಭೆ ಅವರದ್ದು. ಕೋರ್ಟು ಅವರ ಜಮೀನಿನ ವ್ಯಾಜ್ಯ ತೀರ್ಮಾನ ಮಾಡುವ ಜಾಗ. 1774ರ ಸೆಪ್ಟೆಂಬರ್ 6ರಂದು ವೂಸ್ಟರ್ ಊರಿನಲ್ಲಿ ಸುಮಾರು 4,600 ಮಂದಿ ರಸ್ತೆಯ ಎರಡೂ ಕಡೆ ಸಾಲಾಗಿ ನಿಂತರು. ಕೋರ್ಟಿನ ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ನಡುವೆ ನಡೆಯುತ್ತಾ, ಹೊಸ ಕಾಯ್ದೆಯಡಿ ಕೆಲಸ ಮಾಡುವುದಿಲ್ಲ ಅಂತ ಮತ್ತೆ ಮತ್ತೆ ಓದಿ ಹೇಳಬೇಕಾಯಿತು. ಒಂದು ಗುಂಡೂ ಹಾರಲಿಲ್ಲ. ಬಾಸ್ಟನ್ ಒಂದನ್ನು ಬಿಟ್ಟರೆ ಮ್ಯಾಸಚೂಸೆಟ್ಸ್‌ನ ಹೆಚ್ಚಿನ ಕಡೆ ರಾಜನ ಆಡಳಿತ ಅಷ್ಟಕ್ಕೇ ಮುಗಿಯಿತು. ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ, ಚಿತ್ರ ಬರೆಯಲು ಚಹಾ ಪೆಟ್ಟಿಗೆಯಷ್ಟು ಚೆನ್ನಾಗಿಲ್ಲವೇನೋ.

ಅದೇ ತಿಂಗಳು ಫಿಲಡೆಲ್ಫಿಯಾದಲ್ಲಿ ಜಾರ್ಜಿಯಾ ಬಿಟ್ಟು ಹನ್ನೆರಡು ವಸಾಹತುಗಳ ಕಾಂಗ್ರೆಸ್, ಅಂದರೆ ಪ್ರತಿನಿಧಿಗಳ ಸಭೆ, ಸೇರಿತು. ಬ್ರಿಟಿಷ್ ಮಾಲನ್ನು ತರಿಸುವುದಿಲ್ಲ, ಕೊಳ್ಳುವುದಿಲ್ಲ ಅಂತ ಒಪ್ಪಂದವಾಯಿತು. ಅದನ್ನು ನೋಡಿಕೊಳ್ಳಲು ಪ್ರತಿ ಊರಿನಲ್ಲೂ ಸಮಿತಿ ಆರಿಸಬೇಕು, ಮುರಿದವರ ಹೆಸರನ್ನು ಪತ್ರಿಕೆಯಲ್ಲಿ ಹಾಕಬೇಕು. ಹಿಂಬದಿಯ ಪಟ್ಟಿಯನ್ನು ಮೇಲಿನಿಂದ ಓದಿ. ಬೀದಿಯ ಗುಂಪು, ವ್ಯಾಪಾರಿಗಳ ಒಪ್ಪಂದ, ಪತ್ರ ಬರೆಯುವ ಸಮಿತಿ, ಈಗ ಅಂಗಡಿಗೆ ಬಂದು ಲೆಕ್ಕದ ಪುಸ್ತಕ ತೋರಿಸು ಅನ್ನುವ ಸಮಿತಿ. ಸರ್ಕಾರ ಅಂದರೆ ಮತ್ತೇನು? ಇದು ಎಲ್ಲರಿಗೂ ಇಷ್ಟವಾಗಿತ್ತು ಅಂತಲೂ ಅಂದುಕೊಳ್ಳಬೇಡಿ, ಈ ಸಮಿತಿಗಳ ದಬ್ಬಾಳಿಕೆ ತಾಳಲಾರದೆ ರಾಜನ ಕಡೆ ಹೋದವರೂ ಇದ್ದಾರೆ. 1775ರ ಏಪ್ರಿಲ್ 19ರಂದು ಕಾಂಕರ್ಡ್‌ನಲ್ಲಿ ಕೂಡಿಟ್ಟಿದ್ದ ಮದ್ದುಗುಂಡು ಹಿಡಿಯಲು ಸೈನ್ಯ ಹೊರಟಾಗ ಎದುರಿಗೆ ಸಿಕ್ಕಿದ್ದು ಇದೇ ಊರುಗಳ ಜನ.

ಬರೆದದ್ದು ಸರಿಯೇ ಅಂತ ಪರೀಕ್ಷಿಸಿ

ಮೂರು ಕಡೆ ಪರೀಕ್ಷೆ ಮಾಡಬಹುದು. ಮೊದಲನೆಯದು, ಕ್ರಾಂತಿ ಆಗದ ಜಾಗ. ಸ್ಟ್ಯಾಂಪ್ ಕಾಯ್ದೆ ಕೆರಿಬಿಯನ್ ದ್ವೀಪಗಳಿಗೂ ಅನ್ವಯಿಸಿತ್ತು. ಸೇಂಟ್ ಕಿಟ್ಸ್, ನೆವಿಸ್‌ನಲ್ಲಿ ಗಲಭೆಯಾಯಿತು. ಜಮೈಕಾ, ಬಾರ್ಬಡೋಸ್‌ನವರು ಗೊಣಗುತ್ತಲೇ ಕಟ್ಟಿದರು. ಅಲ್ಲಿ ಜನಸಂಖ್ಯೆಯ ಬಹುಪಾಲು ಗುಲಾಮರು. ತೋಟದ ಮಾಲೀಕರಿಗೆ ಅವರ ದಂಗೆಯ ಭಯ, ಹಾಗಾಗಿ ಬ್ರಿಟಿಷ್ ಸೈನ್ಯ ಬೇಕೇ ಬೇಕು. ಸಕ್ಕರೆ ಮಾರಲು ಬ್ರಿಟಿಷ್ ಮಾರುಕಟ್ಟೆಯೂ ಬೇಕು. ತೆರಿಗೆಯೊಂದೇ ಕ್ರಾಂತಿ ಮಾಡುವುದಾದರೆ ಅಲ್ಲೂ ಆಗಬೇಕಿತ್ತು. ಹಾಗಂತ ಹದಿಮೂರು ವಸಾಹತುಗಳಲ್ಲಿ ಗುಲಾಮರು ಇರಲಿಲ್ಲ ಅಂತಲ್ಲ, ಸುಮಾರು 25 ಲಕ್ಷ ಜನರಲ್ಲಿ ಐದರಲ್ಲಿ ಒಂದು ಪಾಲು ಕಪ್ಪು ಜನ, ಹೆಚ್ಚುಕಡಿಮೆ ಎಲ್ಲರೂ ಗುಲಾಮರೇ. ಪಾರ್ಲಿಮೆಂಟ್ ನಮ್ಮನ್ನು ಗುಲಾಮರನ್ನಾಗಿ ಮಾಡುತ್ತಿದೆ ಅಂತ ಕೂಗುತ್ತಿದ್ದವರಲ್ಲಿ ಬಹಳ ಜನ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರು. ಉತ್ತರ ಬರೆಯುವಾಗ ಇದನ್ನು ಬಿಟ್ಟರೆ ಕಥೆ ಅರ್ಧವೇ.

ಎರಡನೆಯದು, 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆ. ಮುನ್ನುಡಿಯ ಚಂದದ ಸಾಲುಗಳನ್ನು ದಾಟಿ, ರಾಜನ ಮೇಲಿನ 27 ಆರೋಪಗಳಿಗೆ ಹೋಗಿ. ನಮ್ಮ ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದ್ದು ಅನ್ನುವುದು 17ನೆಯದು, ಒಂದೇ ಸಾಲು. ಅದರ ಮುಂದಿನದೇ ಜ್ಯೂರಿ ವಿಚಾರಣೆ ತಪ್ಪಿಸಿದ್ದು. ಇನ್ನೂ ಮೇಲೆ 9ನೆಯದರಲ್ಲಿ ನ್ಯಾಯಾಧೀಶರ ಸಂಬಳ. ನಿಮ್ಮ ಹಾಳೆಯ ಅಂಕಣಗಳೇ ಅಲ್ಲಿ ಚದುರಿ ಕೂತಿವೆ.

ಮೂರನೆಯದು 1778. ಸೋಲಿನ ಬಿಸಿ ತಟ್ಟಿದ ಮೇಲೆ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿ, ಇನ್ನು ಮುಂದೆ ಹಣ ಎತ್ತಲು ವಸಾಹತುಗಳ ಮೇಲೆ ತೆರಿಗೆ ಹಾಕುವುದಿಲ್ಲ ಅಂತ ಬರೆದುಕೊಟ್ಟಿತು. ಚಹಾದ 3 ಪೆನ್ಸನ್ನೂ ತೆಗೆಯಿತು. 1765ರಲ್ಲಿ ಕೇಳಿದ್ದೆಲ್ಲ ಸಿಕ್ಕಿತು! ಅದನ್ನು ಹಿಡಿದುಕೊಂಡು ಬಂದ ಲಾರ್ಡ್ ಕಾರ್ಲೈಲ್‌ನ ತಂಡಕ್ಕೆ ಕಾಂಗ್ರೆಸ್, ಸ್ವಾತಂತ್ರ್ಯ ಒಪ್ಪಿಕೊಳ್ಳಿ ಇಲ್ಲವೇ ಸೈನ್ಯ ವಾಪಸ್ ಕರೆಸಿಕೊಳ್ಳಿ, ಆಮೇಲೆ ಮಾತು ಅಂದಿತು. ಅಷ್ಟು ಹೊತ್ತಿಗೆ ಫ್ರಾನ್ಸ್ ಜೊತೆ ಒಪ್ಪಂದವೂ ಆಗಿತ್ತು.

ಈ ಕ್ರಮ ಕೈಗೆ ಹತ್ತಿದೆಯೇ ಅಂತ ನೋಡಬೇಕಾದರೆ ಇನ್ನೊಂದು ಹಾಳೆ ತೆಗೆದುಕೊಂಡು ಅದೇ ಮ್ಯಾಸಚೂಸೆಟ್ಸ್‌ನ 1786ಕ್ಕೆ ಹೋಗಿ. ಸ್ವಾತಂತ್ರ್ಯ ಬಂದಾಗಿದೆ, ತೆರಿಗೆ ಹಾಕುವುದು ಈಗ ಅವರದೇ ಆರಿಸಿದ ಸಭೆ, ಕಟ್ಟಬೇಕಾದದ್ದು ಯುದ್ಧದ ಸಾಲಕ್ಕೆ, ನಾಣ್ಯದಲ್ಲೇ ಕೊಡಬೇಕು ಅನ್ನುವ ಒತ್ತಾಯ. ಡೇನಿಯಲ್ ಶೇಸ್ ಅನ್ನುವ ಮಾಜಿ ಸೈನ್ಯಾಧಿಕಾರಿ ಮುಂತಾದವರ ಹಿಂದೆ ರೈತರು ಮತ್ತೆ ಕೋರ್ಟುಗಳ ಬಾಗಿಲು ಮುಚ್ಚಿಸುತ್ತಾರೆ. ನಾಲ್ಕು ಅಂಕಣ ತುಂಬಿ, 1774ರ ಸಾಲಿನ ಪಕ್ಕ ಇಟ್ಟು ನೋಡಿ. ತುಂಬುವಾಗ ಸ್ಯಾಮ್ಯುಯಲ್ ಆ್ಯಡಮ್ಸ್ ಈ ಸಲ ಯಾವ ಕಡೆ ಇದ್ದ ಅಂತಲೂ ಬರೆಯಿರಿ. ಗಣರಾಜ್ಯದ ವಿರುದ್ಧ ದಂಗೆ ಎದ್ದವನಿಗೆ ಮರಣದಂಡನೆಯೇ ಸರಿ ಅನ್ನುವ ಕಡೆ ಇದ್ದ ಅವನು.